ಶಿವಲಕ್ಷ್ಮಿ ಹಡಗಿಗೆ ಒಯ್ದ ಮಲಗುವ ಬಟ್ಟೆ

ಮುಂಡರಗಿಯಲ್ಲಿ ಗವಿಸಿದ್ದಪ್ಪನ ಪೈಪಿನ ಅಂಗಡಿಗೆ ಹೋದವರು ಗವಿಸಿದ್ದಪ್ಪನನ್ನು ಹುಡುಕುವುದಿಲ್ಲ. ಗಲ್ಲಾದ ಮೇಲೆ ಕೂತ ಅವನ ಹೆಂಡತಿ ಶಿವಲಕ್ಷ್ಮಿಯನ್ನೇ ಮಾತನಾಡಿಸುತ್ತಾರೆ. ಸಿಂಗಟಾಲೂರಿನ ಕಡೆಯವರು ಹೊಲಕ್ಕೆ ಹನಿ ನೀರಾವರಿಯ ಕೊಳವೆ ಕೇಳಿದರೂ ಅವಳೇ, ಊರೊಳಗಿನವರು ನಲ್ಲಿ ಸೋರುತ್ತದೆ ಎಂದು ಬಂದರೂ ಅವಳೇ. ಮಾತು ಬಿರುಸು. ಸುಮ್ಮಸುಮ್ಮನೆ ಚೌಕಾಸಿಗೆ ನಿಂತವರನ್ನು ಕಣ್ಣೆತ್ತಿಯೂ ನೋಡುವುದಿಲ್ಲ. "ಸಿಟ್ಟಿನ ಹೆಣ್ಮಗಳು, ಆದ್ರ ಮೋಸ ಇಲ್ಲ" ಎಂದು ಜನ ಅನ್ನುತ್ತಾರೆ. ಆ ಸಿಟ್ಟು ಎಲ್ಲಿಂದ ಬಂತೆಂದು ಯಾರೂ ಕೇಳಿದವರಿಲ್ಲ. ಹೋದ ಚಳಿಗಾಲದಲ್ಲಿ, ಹಡಗಿನ ಪ್ರವಾಸಕ್ಕೆ ಹೊರಡುವಾಗ ರಾತ್ರಿ ಏನು ಹಾಕಿಕೊಂಡು ಮಲಗಬೇಕು ಎಂಬ ಮಾತು ಮನೆಯಲ್ಲಿ ಎದ್ದಿತಲ್ಲ, ಆಗ ಅದು ಹೊರಗೆ ಬಂತು.

ನವೆಂಬರಿನ ಒಂದು ಸಂಜೆ ಗವಿಸಿದ್ದಪ್ಪ ಹುಬ್ಬಳ್ಳಿಯ ಡೀಲರುಗಳ ಸಭೆ ಮುಗಿಸಿಕೊಂಡು ಪೇಢೆಯ ಡಬ್ಬಿ ಹಿಡಿದು ಅಂಗಡಿಗೇ ನೇರವಾಗಿ ಬಂದ. ಮುಖ ಅರಳಿತ್ತು.

"ಏ, ಬಾಯಿ ಸೀ ಮಾಡ್ಕೊ. ಈ ವರ್ಷ ಪೈಪ ಭಾಳ ಮಾರೀವಿ ಅಂತ ಕಂಪನ್ಯಾವ್ರು ನಮ್ಮನ್ನ ನಾರ್ವೆಗೆ ಕರಕೊಂಡ ಹೊಂಟಾರ. ಹಡಗದಾಗ! ಜೋಡೀಲೆ."

"ಅದೆಲ್ಲೈತ್ರಿ?"

"ಭೂಮಿ ತುದೀಗೆ. ಜನವರಿ ಒಳಗ ಅಲ್ಲಿ ಸೂರ್ಯನ ಹುಟ್ಟೂದಿಲ್ಲಂತ. ಎಲ್ಲಿ ನೋಡಿದಲ್ಲಿ ಹಿಮ. ಆಕಾಶದಾಗ ಹಸರ ಬೆಳಕ ಕುಣೀತೈತಂತ."

ಶಿವಲಕ್ಷ್ಮಿಗೆ ಖುಷಿಯಾಯಿತು. ಆ ವರ್ಷ ಅಂಗಡಿ ನಡೆದದ್ದು ತನ್ನ ದುಡಿತದಿಂದ ಎಂದು ಅವಳಿಗೆ ಗೊತ್ತಿತ್ತು, ಗವಿಸಿದ್ದಪ್ಪನಿಗೂ ಗೊತ್ತಿತ್ತು. ಹೆಸರು ಅವನದಾದರೂ ಹೊರಡುವುದು ಇಬ್ಬರೂ ತಾನೆ. ಎರಡು ಪೇಢೆ ತಿಂದಳು. ಆಮೇಲೆ ಕೇಳಿದಳು:

"ಅಷ್ಟ ಥಂಡ್ಯಾಗ ಮಲಗೂದ ಹೆಂಗ್ರಿ?"

"ಹೊರಗಿನ ಕೋಟು ಕಂಪನ್ಯಾವ್ರ ಕೊಡತಾರ. ಮಲಗೂದೇನು, ಎಲ್ಲಾರೂ ಹೆಂಗ ಮಲಗತಾರ ಹಂಗ."

ಮನೆಗೆ ಬಂದವಳು ತಿಜೋರಿ ತೆರೆದು ನಿಂತಳು. ಮದುವೆ ಮುಂಜಿಗೆ ಉಡುವ ಸೀರೆ ಮೇಲಿನ ಅರೆಯಲ್ಲಿ, ಅಂಗಡಿಗೆ ಉಡುವುದು ನಡುವೆ, ಮನೆಯಲ್ಲಿ ಉಡುವುದು ಕೆಳಗೆ. ಮಲಗಲು ಎಂದು ಬೇರೆ ಬಟ್ಟೆ ಒಂದೂ ಇರಲಿಲ್ಲ. ಹಗಲೆಲ್ಲ ಉಟ್ಟ ಸೀರೆಯಲ್ಲೇ ಮಲಗಿ, ಅದರಲ್ಲೇ ಎದ್ದು, ಸ್ನಾನಕ್ಕೆ ಹೋಗುವಾಗ ಬಿಚ್ಚುವುದು. ಮದುವೆಯಾದಾಗಿನಿಂದ ನಡೆದುಬಂದದ್ದು ಅದು. ಅಲ್ಲ, ಮದುವೆಯಾದಾಗಿನಿಂದ ಅಲ್ಲ. ಮದುವೆಯಾದ ಹೊಸದರಲ್ಲಿ ಅವಳಿಗೊಂದು ಮ್ಯಾಕ್ಸಿ ಇತ್ತು.

ಕಳಸಾಪುರದ ಹುಡುಗಿ ಅವಳು. ಹತ್ತೊಂಬತ್ತಕ್ಕೆ ಮುಂಡರಗಿಗೆ ಸೊಸೆಯಾಗಿ ಬಂದಾಗ ಗದಗಿನಲ್ಲಿದ್ದ ಅಕ್ಕ ಒಂದು ತಿಳಿನೀಲಿ ಹೂವಿನ ಮ್ಯಾಕ್ಸಿ ಹೊಲಿಸಿ ಕೊಟ್ಟಿದ್ದಳು. ಈಗ ನೈಟಿ ಅನ್ನುತ್ತಾರಲ್ಲ, ಅದೇ. ಗಂಡನ ಮನೆ ಎಂದರೆ ಒಂದು ಉದ್ದ ಪಡಸಾಲೆ, ಅದರ ಕೊನೆಗೊಂದು ಸಣ್ಣ ಖೋಲಿ. ಪಡಸಾಲೆಯಲ್ಲಿ ಮಾವ, ಮೈದುನರು. ಖೋಲಿಯ ಬಾಗಿಲು ಹಾಕಿಕೊಂಡ ಮೇಲೆ ಅವಳು ಮ್ಯಾಕ್ಸಿ ಹಾಕಿಕೊಳ್ಳುತ್ತಿದ್ದಳು, ಬೆಳಗ್ಗೆ ಬಾಗಿಲು ತೆಗೆಯುವ ಮುಂಚೆ ಸೀರೆ ಉಡುತ್ತಿದ್ದಳು. ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆದರೆ ತೊಳೆದು ಹಿತ್ತಲಲ್ಲಿ ಒಣಹಾಕಲೇಬೇಕಲ್ಲ. ಹಾಗೆ ಒಣಹಾಕಿದ ಒಂದು ದಿನ ಅದು ಹಗ್ಗದ ಮೇಲೆ ಇರಲಿಲ್ಲ.

ಆಗ ಗವಿಸಿದ್ದಪ್ಪ ಮನೆಯ ಮುಂದೆಯೇ ಪಂಪ್‌ಸೆಟ್ ದುರಸ್ತಿ ಮಾಡುತ್ತಿದ್ದ. ಅವಳು ಚಹಾ ಕೊಡಲು ಹೋದಾಗ ಅವನ ಕೈಯಲ್ಲಿ ಗ್ರೀಸು ಒರೆಸುವ ಬಟ್ಟೆ ಇತ್ತು. ನೀಲಿ ಹೂವಿನ ಪಟ್ಟಿ. ಕಾಲ ಬಳಿ ಅಂಥವೇ ಪಟ್ಟಿಗಳ ಗುಡ್ಡೆ.

"ಅದು ನನ್ನ ಮ್ಯಾಕ್ಸಿ ಅಲ್ಲೇನ್ರಿ?"

"ಅವ್ವ ಕೊಟ್ಟಳು" ಎಂದ ಅವನು. ತಲೆ ಎತ್ತಲಿಲ್ಲ. ಒರೆಸುವುದನ್ನು ನಿಲ್ಲಿಸಲೂ ಇಲ್ಲ.

ಅಂದಿನಿಂದ ಶಿವಲಕ್ಷ್ಮಿ ಸೀರೆಯಲ್ಲೇ ಮಲಗಿದಳು. ಬಸುರಿಯಾಗಿ ಹೊಟ್ಟೆ ಬಂದಾಗಲೂ, ಟೈಫಾಯ್ಡ್ ಬಂದು ಮೈ ಕುದಿಯುವಾಗಲೂ ಸೀರೆಯಲ್ಲೇ. ಸೊಂಟದ ಸುತ್ತ ಲಂಗದ ಲಾಡಿ ಕೊರೆದ ಗೆರೆ ಕಪ್ಪಾಗಿ ನಿಂತುಬಿಟ್ಟಿತು. ಮಾವ ತೀರಿಕೊಂಡ ಮೇಲೆ, ಮೈದುನರು ಬೇರೆಯಾದ ಮೇಲೆ ಅವಳನ್ನು ತಡೆಯುವವರು ಯಾರೂ ಇರಲಿಲ್ಲ. ಮಗಳು ನೇತ್ರಾ ಒಂದೆರಡು ಸಲ ನೈಟಿ ತಂದೂ ಕೊಟ್ಟಳು. ಶಿವಲಕ್ಷ್ಮಿ ಮುಟ್ಟಲಿಲ್ಲ. ಅತ್ತೆ ಫಕ್ಕೀರವ್ವ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ನೋಡುತ್ತಿರುವಾಗ ಅದನ್ನು ಹಾಕಿಕೊಂಡರೆ ಅತ್ತೆಯಿಂದ ಅಪ್ಪಣೆ ಪಡೆದ ಹಾಗಾಗುತ್ತದೆ ಎಂದು ಅವಳಿಗೆ ಅನಿಸುತ್ತಿತ್ತು. ಅಪ್ಪಣೆ ಬೇಡವಾಗಿತ್ತು. ಅತ್ತೆಗೆ ಹೊತ್ತು ಹೊತ್ತಿಗೆ ಊಟ ಹಾಕುತ್ತಿದ್ದಳು, ಔಷಧ ಕೊಡುತ್ತಿದ್ದಳು. ಎದುರು ಕೂತು ಒಂದು ಮಾತು ಆಡಿದವಳಲ್ಲ.

ಪೇಢೆ ಖರ್ಚಾಗುವ ಮೊದಲೇ ಫೋನಿನಲ್ಲಿ ಡೀಲರುಗಳ ಹೆಂಡಂದಿರದೊಂದು ಗುಂಪು ಹುಟ್ಟಿಕೊಂಡಿತು. ಮಾಡಿದಾಕೆ ಕಂಪನಿಯ ಏರಿಯಾ ಮ್ಯಾನೇಜರನ ಹೆಂಡತಿ. ದಿನಕ್ಕೊಂದು ಧ್ವನಿ ಸಂದೇಶ. ಮೊದಲು ಬೂಟಿನ ಮಾತು, ಆಮೇಲೆ ಕೈಗವಸಿನ ಮಾತು. ಒಂದು ದಿನ ಹೀಗೆ ಬಂತು: ಹಡಗಿನಲ್ಲಿ ಒಂದು ಸಂಜೆ ನೈಟ್ ಡ್ರೆಸ್ಸಿನ ಊಟ ಇರುತ್ತದೆ, ಎಲ್ಲ ಜೋಡಿಗಳೂ ಒಂದೇ ಥರ ಹಾಕಬೇಕು, ಕಂಪನಿಯೇ ನೀಲಿ ಸಾಟಿನ್ನಿನ ಪೈಜಾಮ-ಶರ್ಟು ಹೊಲಿಸುತ್ತದೆ, ಎದೆಯ ಮೇಲೆ ಕಂಪನಿಯ ಗುರುತು, ಅದರಲ್ಲೇ ಫೋಟೋ, ಫೋಟೋ ಮುಂದಿನ ವರ್ಷದ ಕ್ಯಾಲೆಂಡರಿಗೆ. ಅಳತೆ ಕಳಿಸಿ.

ಶಿವಲಕ್ಷ್ಮಿ ಉತ್ತರ ಕೊಡಲಿಲ್ಲ. ಕೊಡುವ ಅಗತ್ಯವೂ ಇರಲಿಲ್ಲ. ಗವಿಸಿದ್ದಪ್ಪ ಆಗಲೇ ತನ್ನ ಫೋನಿನಿಂದ ಅಳತೆ ಕಳಿಸಿಯಾಗಿತ್ತು. ಅವಳ ಅಳತೆಯನ್ನು ಅವನೇ ಅಂದಾಜಿನಲ್ಲಿ ಹೇಳಿದ್ದ. ಅದು ಅವಳಿಗೆ ತಿಳಿದದ್ದು ಊಟದ ಹೊತ್ತಿಗೆ, ಅದೂ ಅವನು ತನ್ನ ತಾಯಿಯ ಮುಂದೆ ಹೇಳಿಕೊಳ್ಳುತ್ತಿದ್ದಾಗ. ಶಿವಲಕ್ಷ್ಮಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸಪ್ಪಳದ ನಡುವೆ ಎಲ್ಲ ಕೇಳುತ್ತಿತ್ತು.

"ಲೇ ಗವಿಸಿದ್ದ, ನಿನ್ನ ಹೇಣ್ತಿ ಪೈಜಾಮ ಹಾಕ್ಕೊಂಡ ಗಂಡಸ್ರ ನಡುವ ಊಟಕ್ಕ ಕುಂಡರ್ತಾಳ? ಈ ವಯಸ್ಸಿನ್ಯಾಗ?" ಎಂದಳು ಫಕ್ಕೀರವ್ವ.

"ಯವ್ವಾ, ಅಲ್ಲಿ ಎಲ್ಲಾರೂ ಹಾಕ್ಕೋತಾರ. ಈಕಿ ಒಬ್ಬಾಕಿ ಸೀರ್ಯಾಗ ಬಂದ್ರ ಕಂಪನ್ಯಾವ್ರ ಮುಂದ ನನ್ನ ಮಾನ ಏನಾಗಬೇಕು?"

"ಸೀರಿ ಉಟ್ರ ಮಾನ ಹೋಗತೈತೇನೋ? ಸೀರಿ ಮ್ಯಾಲ ಸ್ವೆಟರ್ ಹಾಕ್ಕೊಳ್ಳಲಿ. ಕಾಲಿಗೆ ಕಾಲಚೀಲ ಹಾಕ್ಕೊಳ್ಳಲಿ. ಸಾಕು."

"ನಿನಗ ತಿಳ್ಯಾಂಗಿಲ್ಲ ಬಿಡು. ನಾ ಎಲ್ಲಾ ಹೇಳೀನಿ. ಹಾಕ್ಕೋತಾಳ."

ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ನಾ ಇಲ್ಲೇ ಅದೀನಿ" ಎಂದಳು ಶಿವಲಕ್ಷ್ಮಿ. "ಸತ್ತಿಲ್ಲ."

ಇಬ್ಬರೂ ತಿರುಗಿ ನೋಡಿದರು.

"ಒಬ್ಬರು ಸೀರಿ ಅಂತೀರಿ, ಒಬ್ಬರು ಸಾಟಿನ್ ಅಂತೀರಿ. ಮಲಗಾಕಿ ನಾನು. ನಿನಗ ಏನ ಬೇಕು ಅಂತ ಯಾರರೆ ಕೇಳೀರೇನು? ನನ್ನ ಮೈ ಅಳತಿ ಫೋನಿನ್ಯಾಗ ಊರಿಗೆಲ್ಲಾ ಕಳಸಾಕ ನಿಮಗ ಯಾರ ಹೇಳಿದ್ರು?"

"ಅದರಾಗ ಏನೈತಿ..." ಎಂದು ಗವಿಸಿದ್ದಪ್ಪ ನಗಲು ನೋಡಿದ.

"ಏನೈತಿ? ಅವತ್ತ ಬಾಗಲಾ ಹಾಕ್ಕೊಂಡ ನನ್ನ ಖೋಲ್ಯಾಗ ನಾ ಒಂದ ಮ್ಯಾಕ್ಸಿ ಹಾಕ್ಕೊಂಡ್ರ ಮನಿ ಮಾನ ಹೋಗಿತ್ತು. ಇವತ್ತ ಊರ ಮಂದಿ ಮುಂದ ಪೈಜಾಮ ಹಾಕ್ಕೊಳ್ಳಲಿಲ್ಲಂದ್ರ ಮಾನ ಹೋಗತೈತಿ. ಯಾವುದರೆ ಒಂದ ಹೇಳ್ರಿ!" ಅವಳು ಅತ್ತೆಯ ಕಡೆ ತಿರುಗಿದಳು. ಎಷ್ಟೋ ವರ್ಷದಿಂದ ಆಡದ ಮಾತು ಅದು. "ಅತ್ತೀ, ಆ ಮ್ಯಾಕ್ಸಿ ನನ್ನಕ್ಕ ಕೊಟ್ಟ ಅರಬಿ. ಹಗ್ಗದ ಮ್ಯಾಲಿಂದ ತಗದು ಹರದು ಗ್ರೀಸ್ ಒರಸಾಕ ಕೊಟ್ಟ್ರಲ್ಲ, ನಿಮಗ ಏನ ಸಿಕ್ತು?"

ಮುದುಕಿ ಕಣ್ಣು ಕಿರಿದು ಮಾಡಿ ನೋಡಿದಳು. ಅವಳಿಗೂ ಸಿಟ್ಟು ಬಂದಿತ್ತು.

"ನಾ ಯಾಕ ಹರೀಲಿ? ನಿನ್ನ ಗಂಡನೇ ಬಂದ ಹೇಳಿದ. ‘ಯವ್ವಾ, ಆಕಿ ಅದನ್ನ ಒಣಾಹಾಕಿದ್ದ ನೋಡಿ ತಮ್ಮಂದಿರು ನಗಾಕತ್ತಾರ, ನನಗ ನಾಚಿಕಿ ಬರತೈತಿ, ನೀ ಹೇಳಿದ್ದಿ ಅಂತ ಹೇಳಿ ತಗಸಿಬಿಡತೀನಿ’ ಅಂದ. ಆತಪ್ಪಾ ಅಂದೆ. ಹರದಾವ ಅವನೇ. ನಾ ಕೈಲೆ ಮುಟ್ಟಿಲ್ಲ ಅದನ್ನ."

ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದಿತು. ಶಿವಲಕ್ಷ್ಮಿ ಗಂಡನನ್ನು ನೋಡಿದಳು. ಅವನು ತಾಟಿನಲ್ಲಿದ್ದ ಬದನೆಕಾಯಿ ಪಲ್ಲೆಯನ್ನು ಬೆರಳಿನಿಂದ ಅತ್ತ ಇತ್ತ ಸರಿಸುತ್ತಿದ್ದ.

"ಖರೆ ಏನ್ರಿ?"

"ಆಗಿನ ಮಾತು ಈಗ್ಯಾಕ..."

"ಖರೆ ಏನು ಅಂತ ಕೇಳಿದೆ."

ಅವಳು ಒಲೆ ಆರಿಸಿದಳು. ಮಿಕ್ಕ ಹಿಟ್ಟು ಹಾಗೇ ಉಳಿಯಿತು. ಅಂದು ಆ ಮನೆಯಲ್ಲಿ ಯಾರಿಗೂ ಎರಡನೇ ರೊಟ್ಟಿ ಸಿಗಲಿಲ್ಲ.

ಅವಳನ್ನು ಸುಟ್ಟದ್ದು ಅವನು ಹರಿದ ಎಂಬುದಷ್ಟೇ ಅಲ್ಲ. ಹರಿದು, ತಾಯಿಯ ಹೆಸರು ಹೇಳಿದ. ಆ ಒಂದು ಮಾತಿನ ಮೇಲೆ ತಾನು ಬದುಕಿನ ಅರ್ಧವನ್ನು ತಪ್ಪು ಮನುಷ್ಯಳ ಮೇಲೆ ಸಿಟ್ಟು ಮಾಡಿಕೊಂಡು ಕಳೆದಿದ್ದಳು. ಹಾಗೆಂದು ಮುದುಕಿಯ ಕೈ ಹಿಡಿದು ಅಳುವಂತೆಯೂ ಇರಲಿಲ್ಲ. ಸೊಸೆಯ ಮುಖ ಗಂಟಿಕ್ಕಿದ್ದು ಯಾಕೆಂದು ಅವಳಿಗೆ ಮೊದಲಿನಿಂದ ಗೊತ್ತಿತ್ತು, ಮಗನ ಮಾನ ಕಾಯಲು ಸುಮ್ಮನಿದ್ದಳು. ಇಬ್ಬರೂ ಸೇರಿಯೇ ಮಾಡಿದ್ದರು.

ಮರುದಿನ ಅಂಗಡಿ ತೆರೆಯುವ ಹೊತ್ತಿಗೆ ಶಿವಲಕ್ಷ್ಮಿ ಗದಗಿನ ಬಸ್ಸಿನಲ್ಲಿದ್ದಳು. ಬೀಗದ ಕೈಯನ್ನು ಅತ್ತೆಯ ಹಾಸಿಗೆಯ ಪಕ್ಕ ಇಟ್ಟು ಬಂದಿದ್ದಳು. ಯಾರು ಬೇಕಾದರೂ ತೆರೆಯಲಿ.

ನೇತ್ರಾ ಗದಗಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಹಸುಗೂಸುಗಳ ವಾರ್ಡಿನಲ್ಲಿ ಕೆಲಸ. ತಾಯಿ ಹೇಳಿದ್ದನ್ನೆಲ್ಲ ಕೇಳಿ ಅವಳು ಫೋನು ಕೈಗೆತ್ತಿಕೊಂಡಳು.

"ಅಪ್ಪ ಹಂಗ ಮಾಡಿದ್ನಾ?" ಎಂದಳು. "ಫೋನ್ ಮಾಡಿ ಕೇಳತೀನಿ ನಾನು."

"ನೀ ಏನೂ ಕೇಳಬ್ಯಾಡ. ಅದು ನನ್ನ ಜಗಳ. ನನಗ ಮಲಗಾಕ ಬಟ್ಟಿ ಬೇಕು, ಅದನ್ನ ನೋಡು."

ನೇತ್ರಾ ಫೋನಿನಲ್ಲಿ ಹಡಗಿನವರು ಬರೆದದ್ದನ್ನು ಓದಿ ಹೇಳಿದಳು. ಮಲಗುವ ಖೋಲಿ ಬೆಚ್ಚಗೇ ಇರುತ್ತದಂತೆ, ತೀರಾ ದಪ್ಪ ಉಣ್ಣೆ ಹಾಕಿಕೊಂಡರೆ ಬೆವರುತ್ತದಂತೆ. ಆದರೆ ಆಕಾಶದಲ್ಲಿ ಬೆಳಕು ಕಂಡರೆ ಯಾವ ಹೊತ್ತಿನಲ್ಲಾದರೂ ಕೂಗಿ ಹೇಳುತ್ತಾರೆ. ಆಗ ಇದ್ದ ಬಟ್ಟೆಯ ಮೇಲೇ ಕೋಟು ಹಾಕಿಕೊಂಡು ಮೇಲೆ ಓಡಬೇಕು. ಅಲ್ಲಿ ಗಾಳಿ ಚಾಕುವಿನ ಹಾಗೆ.

"ಅಂದ್ರ ಒಳಗ ಹಗೂರ ಇರಬೇಕು, ಮಂದಿ ಮುಂದ ಹೋದ್ರೂ ನಡೀಬೇಕು, ಕಾಲಾಗ ಗಾಳಿ ನುಗ್ಗಬಾರದು. ಸೀರಿ ನಡ್ಯಾಂಗಿಲ್ಲ ಯವ್ವಾ. ನೈಟೀನೂ ನಡ್ಯಾಂಗಿಲ್ಲ, ತಳಾ ತೆರದಿರತೈತಿ. ಸಾಟಿನ್ ಅಂತೂ ಮೈಗೆ ಹತ್ತಿದ್ರ ಐಸ್ ಇದ್ದಂಗ."

"ಪೈಜಾಮ ಬೇಕು ಅನ್ನು."

"ಹೌದು. ಬ್ಯಾಡೇನು?"

"ಬೇಕು. ಅವರು ಹೇಳಿದ್ದಕ್ಕಲ್ಲ. ನನಗ ಬೇಕು."

ಮೊದಲು ದೊಡ್ಡ ಬಟ್ಟೆ ಅಂಗಡಿಗೆ ಹೋದರು. ಅಲ್ಲಿ ಗೋಡೆಗೆಲ್ಲ ನೈಟಿ ತೂಗುಹಾಕಿದ್ದರು, ಎಲ್ಲವೂ ಬೇಸಿಗೆಗೆ ಮಾಡಿದವು, ಎದೆಯ ಮೇಲೆ ಜಾಲರಿ. ಅಂಗಡಿಯವನು ಒಂದರ ಮೇಲೊಂದು ಎಸೆಯುತ್ತ ಹೋದ. ಶಿವಲಕ್ಷ್ಮಿ ಎಲ್ಲವನ್ನೂ ಸರಿಸಿ, ಬೆಚ್ಚಗಿರುವ ಪೈಜಾಮ ಬೇಕು ಎಂದಾಗ ಅವನು ಅವಳ ಕುಂಕುಮವನ್ನೂ ನರೆತ ಬೈತಲೆಯನ್ನೂ ನೋಡಿ ನಕ್ಕ.

"ನಿಮಗೇನ್ರಿ ಅಮ್ಮಾರ? ಮನ್ಯಾಗ ಸಾಹೇಬ್ರು ಒಪ್ಪತಾರೇನ್ರಿ? ಒಂದ ಫೋಟೋ ಕಳಸಿ ಕೇಳಿಬಿಡ್ರಿ. ಆಮ್ಯಾಲ ವಾಪಸ್ ತಗೊಳ್ಳಾಂಗಿಲ್ಲ ನಾವು."

"ನೀವು ಮಲಗೋ ಲುಂಗಿ ನಿಮ್ಮ ಹೇಣ್ತೀನ್ನ ಕೇಳಿ ತಗೊಂಡೀರೇನು?" ಎಂದು ಶಿವಲಕ್ಷ್ಮಿ ಎದ್ದಳು. ಅಂಗಡಿಯಲ್ಲಿದ್ದ ಹೆಂಗಸರು ತಿರುಗಿ ನೋಡಿದರು. ನೇತ್ರಾ ತಾಯಿಯ ತೋಳು ಹಿಡಿದು ಹೊರಗೆ ಕರೆತಂದಳು. ಮೆಟ್ಟಿಲಿಳಿಯುವಾಗ ಅವಳಿಗೆ ನಗು ಬಂತು. ಶಿವಲಕ್ಷ್ಮಿಗೆ ಬರಲಿಲ್ಲ.

ಫ್ಲಾನೆಲ್ ತೆಗೆದುಕೊಳ್ಳೋಣ ಎಂದಳು ನೇತ್ರಾ. ವಾರ್ಡಿನಲ್ಲಿ ಹುಟ್ಟಿದ ಕೂಸನ್ನು ಸುತ್ತುವುದು ಅದರಲ್ಲೇ, ಹಗುರ, ಬೆಚ್ಚಗೆ, ಬೆವರನ್ನು ಹೀರುತ್ತದೆ. ಬೆಟಗೇರಿಯ ಅಂಗಡಿಗಳಲ್ಲಿ ಫ್ಲಾನೆಲ್ ಸಿಕ್ಕಿತು, ಆದರೆ ಅದರ ಮೇಲೆಲ್ಲ ಬಾತುಕೋಳಿ, ಮೊಲ. ನಾಲ್ಕಾರು ಅಂಗಡಿ ಸುತ್ತಿದ ಮೇಲೆ ಗಂಡಸರ ಶರ್ಟಿನ ಬಟ್ಟೆಗಳ ನಡುವೆ ಕೆಂಪು-ಕಪ್ಪು ಚೌಕಳಿಯದೊಂದು ಥಾನು ಕಂಡಿತು. ಶಿವಲಕ್ಷ್ಮಿ ಅದನ್ನು ಕೆನ್ನೆಗೆ ಒತ್ತಿ ನೋಡಿದಳು. ಎರಡು ಜೊತೆಗೆ ಆಗುವಷ್ಟು ಕತ್ತರಿಸಿಕೊಂಡಳು.

ಹೊಲಿಯಲು ಕೊಟ್ಟದ್ದು ಬೆಟಗೇರಿಯ ನವಾಜನಿಗೆ. ನೇತ್ರಾಳ ಸಮವಸ್ತ್ರ ಹೊಲಿಯುವವನು ಅವನೇ.

"ಬರ್ರಿ ಅಕ್ಕಾರ, ಕುಂಡ್ರಿ" ಎಂದು ಸ್ಟೂಲು ಒರೆಸಿ ಕೊಟ್ಟ. ಅಳತೆಯ ಟೇಪನ್ನು ನೇತ್ರಾಳ ಕೈಗೆ ಕೊಟ್ಟು ತಾನು ಪೆನ್ಸಿಲ್ ಹಿಡಿದು ನಿಂತ. "ಹೆಂಗ ಬೇಕ್ರಿ?"

ಹೆಂಗ ಬೇಕು ಎಂದು ಶಿವಲಕ್ಷ್ಮಿಯನ್ನು ಈತನಕ ಯಾರೂ ಕೇಳಿರಲಿಲ್ಲ. ಒಂದೊಂದಾಗಿ ಹೇಳತೊಡಗಿದಳು. ಅಂಗಿ ಮೊಣಕಾಲು ಮುಚ್ಚಬೇಕು. ತೋಳು ಮುಂಗೈತನಕ ಬಂದು ಗುಂಡಿ ಹಾಕುವಂತಿರಬೇಕು. ಕುತ್ತಿಗೆಗೆ ಪಟ್ಟಿ ಬೇಕು. ಪೈಜಾಮ ಸಡಿಲ ಇರಲಿ, ಕೆಳಗೆ ಮಾತ್ರ ಬಿಗಿ, ಕಾಲುಚೀಲದೊಳಗೆ ಸೇರಿಸಲು ಬರಬೇಕು.

"ಸೊಂಟಕ್ಕ ಲಾಡಿ ಹಾಕಲೇನ್ರಿ?"

"ಲಾಡಿ ಬ್ಯಾಡ!" ಎಂದಳು. ಜೋರಾಗಿಯೇ ಅಂದಿರಬೇಕು, ನವಾಜ ಪೆನ್ಸಿಲ್ ಎತ್ತಿ ನೋಡಿದ. "ಮೆತ್ತನ ಇಲಾಸ್ಟಿಕ್ ಹಾಕ್ರಿ. ಅಗಲಂದ. ಕಿಸೆ ಇರಲಿ, ಎರಡೂ ಕಡೆ."

ಹೊಲಿದಾದ ಮೇಲೆ ಮತ್ತೆ ಹೋಗಿ ತಂದು ನೇತ್ರಾಳ ಮನೆಯಲ್ಲಿ ಹಾಕಿ ನೋಡಿದಳು. ಮಂಚದ ಮೇಲೆ ಕಾಲು ಚಾಚಿದಳು. ಸೊಂಟದ ಸುತ್ತ ಏನೂ ಬಿಗಿದಿರಲಿಲ್ಲ. ಎಡಕ್ಕೆ ಹೊರಳಿದಳು, ಬಲಕ್ಕೆ ಹೊರಳಿದಳು, ಎಲ್ಲಿಯೂ ಏನೂ ಸಿಕ್ಕಿಹಾಕಿಕೊಳ್ಳಲಿಲ್ಲ. ಇಷ್ಟೇನಾ? ಇಷ್ಟು ಸಸಾರದ ಒಂದು ವಸ್ತುವನ್ನು ತನ್ನಿಂದ ಕಸಿದುಕೊಂಡಿದ್ದರಾ? ಅದಕ್ಕಾಗಿ ತಾನೂ ಹಟ ಹಿಡಿದು ಮೈ ಸವೆಸಿಕೊಂಡಳಾ? ಸಂತೋಷಪಡಬೇಕಾದ ಹೊತ್ತಿನಲ್ಲಿ ಅವಳಿಗೆ ಕಣ್ಣೀರು ಬರುವಷ್ಟು ಸಿಟ್ಟು ಬಂತು. ನೇತ್ರಾ ಚಹಾ ಮಾಡುವ ನೆಪದಲ್ಲಿ ಒಳಗೆ ಹೋದಳು.

ಮುಂಡರಗಿಗೆ ಬಂದರೆ ಮೇಜಿನ ಮೇಲೆ ಕಂಪನಿಯ ಪಾರ್ಸೆಲ್ಲು ಕೂತಿತ್ತು. ಗವಿಸಿದ್ದಪ್ಪ ಅದನ್ನು ಬಿಚ್ಚಿ, ತನ್ನ ನೀಲಿ ಸಾಟಿನ್ ಅಂಗಿಯನ್ನು ಎದೆಗೆ ಹಿಡಿದು ಕನ್ನಡಿ ನೋಡುತ್ತಿದ್ದ. ಅವಳದು ಪ್ಲಾಸ್ಟಿಕ್ಕಿನೊಳಗೆ ಮಿರಮಿರ ಹೊಳೆಯುತ್ತಿತ್ತು.

"ನಾ ಇದನ್ನ ಹಾಕ್ಕೊಳ್ಳಾಂಗಿಲ್ಲ" ಎಂದಳು ಅವಳು.

"ಒಂದ ಸಂಜೀ ಮಾತು. ಫೋಟೋ ತಗದ ಮ್ಯಾಲ ಬಿಚ್ಚಿ ಒಗಿ."

"ಮಲಗೋ ಬಟ್ಟ್ಯಾಗ ನನ್ನ ಫೋಟೋ ಯಾರ ಮನಿ ಗ್ವಾಡಿಗೂ ತೂಗಬಾರದು. ಮಲಗೋದು ನಾಟಕಲ್ಲ."

"ಹಂಗಾರ ನೀ ಬರೂದ ಬ್ಯಾಡ!" ಅವನ ದನಿಯೂ ಏರಿತು. "ನಾ ಒಬ್ಬನ ಹೋಗತೀನಿ. ಎಲ್ಲಾರ ಮುಂದ ನನ್ನ ತಲಿ ತಗ್ಗಸಬೇಕಂತೀಯೇನು?"

"ನಾ ಬರತೀನಿ. ಗಲ್ಲಾದ ಮ್ಯಾಲ ಕುಂತ ದುಡದಾಕಿ ನಾನು. ನೋಡಾಕಾಗಲಿಲ್ಲಂದ್ರ ನೀವು ಉಳೀರಿ."

ಅವನ ಎದುರಿನಲ್ಲೇ ಫೋನು ತೆಗೆದು, ಗುಂಪಿನಲ್ಲಿ ಧ್ವನಿ ಸಂದೇಶ ಹಾಕಿದಳು. ಗಲ್ಲಾದ ಮೇಲೆ ಕೂತು ಮಾತಾಡುವ ದನಿಯಲ್ಲೇ: "ನಾನು ಶಿವಲಕ್ಷ್ಮಿ, ಮುಂಡರಗಿ. ಮಲಗೋ ಬಟ್ಟ್ಯಾಗ ಊಟಕ್ಕ ಬರೂದು, ಫೋಟೋಕ್ಕ ನಿಂದರೂದು ನನ್ನ ಕಡೆಯಿಂದ ಆಗಾಂಗಿಲ್ರಿ. ನನ್ನ ಅಳತಿ ನಾ ಕೊಟ್ಟದ್ದಲ್ಲ. ನನ್ನ ಹೆಸರು ತಗೀರಿ."

ಮ್ಯಾನೇಜರನ ಹೆಂಡತಿ ಒಂದು ಕೈಮುಗಿಯುವ ಚಿತ್ರ ಹಾಕಿದಳು, ಅಷ್ಟೇ. ಆಮೇಲೆ ಲಕ್ಷ್ಮೇಶ್ವರದ ಡೀಲರನ ಹೆಂಡತಿ ಉಡಚವ್ವ ಬೇರೆಯಾಗಿ ಫೋನು ಮಾಡಿದಳು. ಪಿಸುಮಾತು.

"ಅಕ್ಕಾ, ಚೊಲೊ ಹೇಳಿದ್ರಿ ನೋಡ್ರಿ. ಆ ಪಾರ್ಸೆಲ್ ನೋಡಿದಾಗಿಂದ ನನಗ ಊಟ ಸೇರವಲ್ದು. ನಮ್ಮ ಮನಿಯವ್ರ ಮುಂದ ಬಾಯಿ ಬಿಡಾಂಗಿಲ್ಲ."

"ನನ್ನ ಕಿವ್ಯಾಗ ಹೇಳಿದ್ರ ಏನ ಬಂತವ್ವಾ? ಅಲ್ಲಿ ಹೇಳು, ಗುಂಪಿನ್ಯಾಗ."

"ಅಯ್ಯ, ನನ್ನ ಕಡೆ ಆಗಾಂಗಿಲ್ಲಕ್ಕಾ..."

"ಹಂಗಾರ ಇಡು ಫೋನು" ಎಂದು ಶಿವಲಕ್ಷ್ಮಿ ಇಟ್ಟೇಬಿಟ್ಟಳು.

ಜನವರಿಯಲ್ಲಿ ಹೊರಟರು. ಅವಳು ಕಟ್ಟಿದ ಚೀಲದಲ್ಲಿ ಫ್ಲಾನೆಲಿನ ಎರಡು ಜೊತೆ, ಅವುಗಳ ಒಳಗೆ ಹಾಕಿಕೊಳ್ಳಲು ಮೈಗಂಟುವ ಬೆಚ್ಚನೆಯ ಒಳಬಟ್ಟೆ, ಖೋಲಿ ತೀರಾ ಬಿಸಿಯಾದರೆ ಎಂದು ತೆಳು ಹತ್ತಿಯದೊಂದು, ಉಣ್ಣೆಯ ಕಾಲುಚೀಲ, ಕಿವಿ ಮುಚ್ಚುವ ಟೋಪಿ. ಗವಿಸಿದ್ದಪ್ಪ ಸಾಟಿನ್ನಿನ ಪೊಟ್ಟಣವನ್ನು ಮೆಲ್ಲಗೆ ಅದರೊಳಗೆ ತುರುಕಿದ. ಅವಳು ತೆಗೆದಳು. ಮತ್ತೆ ತುರುಕಿದ. ಮತ್ತೆ ತೆಗೆದು ಅವನ ಚೀಲದೊಳಗೆ ಹಾಕಿ ಜಿಪ್ಪೆಳೆದಳು. ಫಕ್ಕೀರವ್ವ ಹೊಸ್ತಿಲಲ್ಲಿ ಕೂತು ಎಲ್ಲ ನೋಡಿದಳು. ಹೊರಡುವಾಗ ಸೊಸೆಗೆ, "ಥಂಡಿ ಹಚ್ಕೊಬ್ಯಾಡ" ಎಂದಳು. ಶಿವಲಕ್ಷ್ಮಿ ಅವಳ ಕಾಲು ಮುಟ್ಟಿದಳು, ಹೂಂ ಅನ್ನಲಿಲ್ಲ.

ಹಡಗಿನಲ್ಲಿ ಹಗಲು ಎಂಬುದು ಕಿಟಕಿಯಲ್ಲಿ ಒಂದಿಷ್ಟು ನೀಲಿ ಬಣ್ಣ, ಆಮೇಲೆ ಮತ್ತೆ ಕತ್ತಲು. ಊಟವಾದ ಮೇಲೆ ಶಿವಲಕ್ಷ್ಮಿ ಚೌಕಳಿಯ ಅಂಗಿ ಹಾಕಿಕೊಂಡು ಮಲಗುತ್ತಿದ್ದಳು. ಜಡ್ಡಿಲ್ಲದೆ ಮಧ್ಯಾಹ್ನ ಮಲಗಿದ್ದು ಅವಳ ಆಯುಷ್ಯದಲ್ಲೇ ಮೊದಲು. ಯಾರೂ ಎಬ್ಬಿಸಲಿಲ್ಲ, ಗಿರಾಕಿ ಕೂಗಲಿಲ್ಲ. ಅಂಥ ಒಂದು ಮಧ್ಯಾಹ್ನ ಪಕ್ಕದ ಹಾಸಿಗೆಯಿಂದ ಗವಿಸಿದ್ದಪ್ಪ ಮಾತು ತೆಗೆದ.

"ಆಗ ನನಗ ಬುದ್ಧಿ ಇರಲಿಲ್ಲ. ತಮ್ಮಂದಿರು ನಕ್ಕರು. ತಿಳೀಲಿಲ್ಲ ನನಗ."

"ತಿಳಿದ ಮಾಡೀರಿ. ತಿಳೀದಿದ್ರ ಅವ್ವನ ಹೆಸರ ಯಾಕ ಹೇಳತಿದ್ರಿ?"

ಅವನು ಗೋಡೆಯ ಕಡೆ ಹೊರಳಿದ. ಹಾಗೇ ಮಲಗಿ, "ತಪ್ಪಾತು" ಎಂದ.

"ಆತು" ಎಂದಳು ಅವಳು. ಕ್ಷಮಿಸಿದೆ ಎಂದಲ್ಲ, ಕೇಳಿಸಿತು ಎಂದು.

ಸಾಟಿನ್ನಿನ ಸಂಜೆ ಅವನು ತನ್ನ ನೀಲಿ ಜೊತೆ ಹಾಕಿಕೊಂಡು ಒಬ್ಬನೇ ಊಟಕ್ಕೆ ಹೋದ. ಅವಳು ಖೋಲಿಗೇ ಊಟ ತರಿಸಿಕೊಂಡಳು, ನೇತ್ರಾ ಕಟ್ಟಿಕೊಟ್ಟ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದಳು. ಅಷ್ಟರಲ್ಲಿ ಗೋಡೆಯ ಸ್ಪೀಕರು ಕೂಗಿತು, ಹೊರಗೆ ಕಾಲುಗಳ ಓಟ ಕೇಳಿಸಿತು. ಬೆಳಕು ಬಂದಿದೆ ಎಂದು ತಿಳಿಯಿತು. ಕಾಲುಚೀಲದೊಳಗೆ ಪೈಜಾಮ ಸೇರಿಸಿ, ಮೇಲೆ ಕೋಟು ಹಾಕಿ, ಟೋಪಿ ಎಳೆದುಕೊಂಡು ಹತ್ತಿದಳು.

ಬೆಳಕು ಫೋನಿನಲ್ಲಿ ಕಂಡ ಹಾಗೆ ಕುಣಿಯುತ್ತಿರಲಿಲ್ಲ. ಮೋಡದ ಅಂಚಿನಲ್ಲಿ ಯಾರೋ ಹಸಿರು ಸುಣ್ಣ ಬಳಿದು ಅರ್ಧಕ್ಕೆ ಬಿಟ್ಟ ಹಾಗಿತ್ತು. ಆದರೂ ಅವಳು ಕತ್ತೆತ್ತಿ ನಿಂತೇ ಇದ್ದಳು. ಪಕ್ಕದಲ್ಲಿ ಯಾರದೋ ಹಲ್ಲು ಕಟಕಟ ಎನ್ನುತ್ತಿತ್ತು. ಉಡಚವ್ವ. ಮೇಲೆ ಕೋಟು, ಕೆಳಗೆ ಸಾಟಿನ್ ಪೈಜಾಮ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಫೋಟೋ ಮುಗಿಯುವ ತನಕ ಮ್ಯಾನೇಜರನ ಹೆಂಡತಿ ಯಾರನ್ನೂ ಬಿಡಲಿಲ್ಲವಂತೆ, ಬಟ್ಟೆ ಬದಲಿಸಲು ಹೊತ್ತಾಗಲಿಲ್ಲವಂತೆ.

"ಗುಂಪಿನ್ಯಾಗ ಒಂದ ಮಾತ ಹೇಳಾಕ ಬಾಯಿ ಬರಲಿಲ್ಲ ನಿನಗ. ಈಗ ಹಲ್ಲ ಕಡೀ!" ಎಂದು ಗದರಿದಳು ಶಿವಲಕ್ಷ್ಮಿ. ಗದರುತ್ತಲೇ ಅವಳ ರಟ್ಟೆ ಹಿಡಿದು ಖೋಲಿಗೆ ಎಳೆದುಕೊಂಡು ಹೋಗಿ ಎರಡನೇ ಜೊತೆ ಫ್ಲಾನೆಲನ್ನು ಅವಳ ಮೇಲೆ ಎಸೆದಳು. "ಹಾಕ್ಕೊ. ಜಲ್ದಿ ಹಾಕ್ಕೊ, ಬೆಳಕ ಹೋಗತೈತಿ." ಉಡಚವ್ವ ಅಳುತ್ತ ಹಾಕಿಕೊಂಡಳು. ಅವಳಿಗದು ಬಹಳ ದೊಡ್ಡದಾಯಿತು. ಇಬ್ಬರೂ ಮತ್ತೆ ಮೇಲೆ ಹೋಗುವಷ್ಟರಲ್ಲಿ ಮೋಡ ಮುಚ್ಚಿತ್ತು.

ಊರಿಗೆ ಬಂದ ಮೇಲೆ ಶಿವಲಕ್ಷ್ಮಿ ಮಾಡಿದ ಮೊದಲ ಕೆಲಸ, ಮಾಳಿಗೆಯ ಮೇಲಿನ ಖೋಲಿಯಲ್ಲಿ ತುಂಬಿಟ್ಟಿದ್ದ ಹಳೆಯ ಪೈಪುಗಳನ್ನು ಕೆಳಗೆ ಇಳಿಸಲು ಹಚ್ಚಿದ್ದು. ಗೋಡೆಗೆ ಸುಣ್ಣ ಹೊಡೆಸಿದಳು, ಕಿಟಕಿಗೆ ಜಾಲರಿ ಹಾಕಿಸಿದಳು, ಒಂದು ಮಂಚ, ಒಂದು ಫ್ಯಾನು. ಬಾಗಿಲಿಗೆ ಒಳಗಿನಿಂದ ಅಗಳಿ. ಅಲ್ಲಿ ಒಬ್ಬಳೇ ಮಲಗತೊಡಗಿದಳು. ಬೇಸಿಗೆಗೆಂದು ನವಾಜನ ಹತ್ತಿರ ತೆಳು ಹತ್ತಿಯವನ್ನೂ ಹೊಲಿಸಿದಳು. ತೊಳೆದು ಮಾಳಿಗೆಯ ಮೇಲೆ, ಓಣಿಗೆಲ್ಲ ಕಾಣುವ ಹಾಗೆ ಒಣಹಾಕುತ್ತಾಳೆ.

ಗವಿಸಿದ್ದಪ್ಪನಿಗೆ ಮಾತ್ರ ಪ್ರವಾಸದ ಮಾತು ಮುಗಿಯಲೇ ಇಲ್ಲ. ಬಂದ ಗಿರಾಕಿಗಳಿಗೆಲ್ಲ ಹಿಮ, ಹಡಗು, ಹಸಿರು ಬೆಳಕು. ಮೊನ್ನೆ ಸಿಂಗಟಾಲೂರಿನಿಂದ ಬಂದ ಹುಚ್ಚೀರಪ್ಪ ಎಂಬ ರೈತನನ್ನು ಸ್ಟೂಲಿನ ಮೇಲೆ ಕೂರಿಸಿಕೊಂಡು ಹೇಳುತ್ತಿದ್ದ.

"ಎಲ್ಲಾ ಹೆಂಗಸರು ಸಾಟಿನ್ ಹಾಕ್ಕೊಂಡ ಗಡಗಡ ನಡಗಾಕತ್ತಿದ್ರು ನೋಡು. ನಮ್ಮಾಕಿ ಒಬ್ಬಾಕಿ ಬೆಚ್ಚಗ. ನಾನ ಮೊದಲ ಹೇಳಿದ್ದೆ, ಫ್ಲಾನೆಲ್ ಹೊಲಿಸ್ಕೊ ಅಂತ. ನನಗ ಗೊತ್ತಿತ್ತು ಅಲ್ಲಿ ಥಂಡಿ ಹೆಂಗಿರತೈತಿ ಅಂತ..."

"ಸುಳ್ಳು" ಎಂದಳು ಶಿವಲಕ್ಷ್ಮಿ, ಗಲ್ಲಾದ ಮೇಲಿಂದ.

ಗವಿಸಿದ್ದಪ್ಪ ನಕ್ಕು ಮಾತು ಮುಂದುವರಿಸಲು ನೋಡಿದ.

"ಸುಳ್ಳು ಹೇಳಾಕತ್ತಾರ ಹುಚ್ಚೀರಪ್ಪಣ್ಣ. ಸಾಟಿನ್ ಹಾಕ್ಕೊ ಅಂದಾವ್ರ ಇವರು. ಹಾಕ್ಕೊಳ್ಳಲಿಲ್ಲಂದ್ರ ಬರಬ್ಯಾಡ ಅಂದ್ರು. ಫ್ಲಾನೆಲ್ ನಾ ಹುಡಕಿದೆ, ನಾ ಹೊಲಸಿದೆ." ಅವಳು ದನಿ ಏರಿಸಲಿಲ್ಲ, ಇಳಿಸಲೂ ಇಲ್ಲ. "ಇನ್ನೊಮ್ಮಿ ನನ್ನ ಹೆಸರಿನ ಮ್ಯಾಲ ಸುಳ್ಳ ಹೇಳಿದ್ರ ಇಷ್ಟಕ್ಕ ಬಿಡಾಂಗಿಲ್ಲ ನಾನು."

ಅಂಗಡಿಯಲ್ಲಿ ಇನ್ನೂ ಇಬ್ಬರು ಗಿರಾಕಿಗಳಿದ್ದರು. ಅವರು ಗೋಡೆಗೆ ಒರಗಿಸಿದ ಪೈಪುಗಳನ್ನು ಬಹಳ ಮನಸ್ಸಿಟ್ಟು ನೋಡತೊಡಗಿದರು. ಗವಿಸಿದ್ದಪ್ಪ ಎದ್ದು, ಯಾರೋ ಕರೆದರೇನೋ ಎಂಬಂತೆ ಬೀದಿಗೆ ಇಳಿದ. ಹುಚ್ಚೀರಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡು, ಕೆಮ್ಮಿ, ಪೈಪಿನ ತಿರುವಿಗೆ ಹಾಕುವ ಅರ್ಧ ಇಂಚಿನ ಎಲ್ಬೋ ಇವೆಯೇ ಎಂದು ಕೇಳಿದ.

"ಅದಾವು" ಎಂದು ಶಿವಲಕ್ಷ್ಮಿ ಡಬ್ಬಿಗೆ ಕೈ ಹಾಕಿದಳು.